ಆ್ಯಪ್ ಮುಚ್ಚಿದ ಮೇಲೆ ಆ ಕೆಲಸ ಯಾರ ಹೊಣೆ?



ಈ ಸಂಕಿರಣದ ವಿಷಯ ಮೇಲ್ನೋಟಕ್ಕೆ ಸಣ್ಣದು. ಬಳಕೆದಾರ 'ಸೇವ್' ಒತ್ತುತ್ತಾನೆ, ರಿಕ್ವೆಸ್ಟ್ ಸರ್ವರಿನತ್ತ ಹೊರಡುತ್ತದೆ, ಉತ್ತರ ಬರುವ ಮೊದಲೇ ಆತ ಆ್ಯಪ್ ಮುಚ್ಚಿ ಎದ್ದು ಹೋಗುತ್ತಾನೆ. ಆ ರಿಕ್ವೆಸ್ಟಿನ ಗತಿ ಏನು? ಅಸಿಂಕ್ರನಸ್ ಕಾಲ್ ಮಾಡುವುದು ಹೇಗೆಂದು ಪಠ್ಯಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುತ್ತವೆ. ಮಾಡಿದವನೇ ನಡುವೆ ಹೊರಟುಹೋದರೆ ಏನೆಂಬುದಕ್ಕೆ ಒಂದು ಪ್ಯಾರಾ ಸಿಕ್ಕರೆ ಪುಣ್ಯ.

ವಿಂಡೋಸ್ ಫಾರ್ಮ್ಸ್‌ನಲ್ಲಿ ಕೆಲಸ ಮಾಡಿದವರಿಗೆ ಈ ಬಲೆ ಗೊತ್ತು. ಫಾರ್ಮ್ ಮುಚ್ಚುವ ಈವೆಂಟಿನಲ್ಲಿ ಒಂದು 'ಅವೇಟ್' ಹಾಕಿ, ಸರ್ವರ್ ಉತ್ತರಿಸಿದ ಮೇಲೆಯೇ ಫಾರ್ಮ್ ಮುಚ್ಚುತ್ತದೆ ಎಂದು ನಂಬುತ್ತೇವೆ. ಆದರೆ ಉತ್ತರ ಬಾಕಿಯಿರುವ ಮೊದಲ ಅವೇಟ್‌ನಲ್ಲೇ ಆ ಹ್ಯಾಂಡ್ಲರ್ ಹಿಂದಿರುಗಿಬಿಡುತ್ತದೆ. ತಡೆಯುವವರು ಯಾರೂ ಇಲ್ಲವೆಂದು ಫಾರ್ಮ್ ಮುಚ್ಚುತ್ತದೆ. ಅದೇ ಮುಖ್ಯ ಫಾರ್ಮ್ ಆಗಿದ್ದರೆ ಪ್ರೋಗ್ರಾಮೂ ಮುಗಿಯಿತು. ಥ್ರೆಡ್ ಪೂಲಿನ ಥ್ರೆಡ್‌ಗಳೆಲ್ಲ ಬ್ಯಾಕ್‌ಗ್ರೌಂಡ್ ಥ್ರೆಡ್‌ಗಳು, ಪ್ರೋಸೆಸ್ ಅವುಗಳಿಗಾಗಿ ಕಾಯುವುದಿಲ್ಲ. ಎರರ್ ಕೂಡ ಕಾಣಿಸುವುದಿಲ್ಲ, ಅದೇ ಇದರ ಕೇಡು. ಪರಿಹಾರವೂ ಹಳೆಯದೇ: ಮುಚ್ಚುವುದನ್ನು ಮೊದಲು ರದ್ದು ಮಾಡಿ, ಕೆಲಸ ಮುಗಿದ ಮೇಲೆ ನಾವೇ ಮತ್ತೆ ಮುಚ್ಚುವುದು. ಎರಡನೆಯ ಸಲ ಅದೇ ಈವೆಂಟ್ ಬಂದಾಗ ಮತ್ತೆ ತಡೆಯದಂತೆ ಒಂದು ಫ್ಲ್ಯಾಗ್ ಬೇಕು. ಟೈಮ್‌ಔಟ್ ಅಂತೂ ಬೇಕೇ ಬೇಕು. ಇಲ್ಲದಿದ್ದರೆ ಸರ್ವರ್ ಕೈಕೊಟ್ಟ ದಿನ ಫಾರ್ಮ್ ಮುಚ್ಚುವುದೇ ಇಲ್ಲ, ಬಳಕೆದಾರ ಟಾಸ್ಕ್ ಮ್ಯಾನೇಜರ್ ಹುಡುಕಿಕೊಂಡು ಹೋಗುತ್ತಾನೆ.

ಬ್ರೌಸರಿನಲ್ಲಿ ಈ ಸ್ವಾತಂತ್ರ್ಯವೂ ಇಲ್ಲ. ಪುಟ ಹೋಗುವ ಗಳಿಗೆಯಲ್ಲಿ ಸಿಂಕ್ರನಸ್ ರಿಕ್ವೆಸ್ಟ್ ಕಳಿಸಿ ಬಳಕೆದಾರನನ್ನು ಹಿಡಿದು ನಿಲ್ಲಿಸುವ ಚಾಳಿ ಬಹಳ ಕಾಲ ನಡೆಯಿತು. 2020ರಲ್ಲಿ ಕ್ರೋಮ್ 80 ಅದಕ್ಕೆ ತಡೆ ಹಾಕಿತು. ಒಳ್ಳೆಯದೇ ಆಯಿತು. ಈಗ 'ಸೆಂಡ್‌ಬೀಕನ್' ಇದೆ, 'ಕೀಪ್‌ಅಲೈವ್' ಫೆಚ್ ಇದೆ. ಪುಟ ಹೋದರೂ ಬ್ರೌಸರ್ ಅವನ್ನು ಕಳಿಸುತ್ತದೆ. ಆದರೆ ಕೀಪ್‌ಅಲೈವ್ ಹೊರಬಲ್ಲದ್ದು 64 ಕಿಲೋಬೈಟ್ ಮಾತ್ರ, ಉತ್ತರವನ್ನು ಓದಲು ಪುಟವೇ ಉಳಿದಿರುವುದಿಲ್ಲ. ಎಷ್ಟು ಜನ ಪುಟ ನೋಡಿದರು ಎಂಬ ಲೆಕ್ಕಕ್ಕೆ ಇದು ಸಾಕು. ಹಣಕ್ಕೆ, ಪರೀಕ್ಷೆಯ ಉತ್ತರಕ್ಕೆ ಸಾಲದು. ಮೊಬೈಲಿನಲ್ಲಂತೂ 'ಮುಚ್ಚುತ್ತಿದ್ದೇನೆ' ಎಂಬ ಸೂಚನೆ ಬಂದೇ ಬರುತ್ತದೆ ಎನ್ನುವ ಹಾಗಿಲ್ಲ. ಪುಟ ಕಣ್ಣಿಗೆ ಮರೆಯಾದ ಗಳಿಗೆಯೇ ನಮಗೆ ಸಿಗುವ ಕೊನೆಯ ನೆಚ್ಚಬಹುದಾದ ಸೂಚನೆ.

ಹೀಗಾಗಿ ಕಾಯಿಸುವ ಉಪಾಯಗಳಲ್ಲಿ ನನಗೆ ನಂಬಿಕೆ ಕಡಿಮೆ. ಕರೆಂಟ್ ಹೋದರೆ ಯಾವ ಈವೆಂಟೂ ಬರುವುದಿಲ್ಲ. ಉಳಿಸುವ ಕೆಲಸವನ್ನು ಮುಚ್ಚುವ ಗಳಿಗೆಗೆ ಬಿಟ್ಟದ್ದೇ ಮೂಲ ತಪ್ಪು ಎಂಬುದು ನನ್ನ ವಾದ. ಬಳಕೆದಾರ ಏನು ಮಾಡಹೊರಟಿದ್ದಾನೆ ಎಂಬುದನ್ನು ರಿಕ್ವೆಸ್ಟ್ ಹೊರಡುವ ಮೊದಲೇ ಡಿಸ್ಕಿನಲ್ಲಿ ಬರೆದಿಡಬೇಕು. ಆಂಡ್ರಾಯ್ಡಿನ ವರ್ಕ್‌ಮ್ಯಾನೇಜರ್ ಮಾಡುವುದು ಇದನ್ನೇ: ಕೆಲಸದ ವಿವರ ಡೇಟಾಬೇಸಿನಲ್ಲಿರುವುದರಿಂದ ಫೋನ್ ರೀಸ್ಟಾರ್ಟ್ ಆದರೂ ಅದು ಉಳಿಯುತ್ತದೆ.

ಇನ್ನು 'ಕ್ಯಾನ್ಸಲ್' ಎಂಬ ಭ್ರಮೆ. ಕ್ಲೈಂಟ್ ಕ್ಯಾನ್ಸಲ್ ಮಾಡಿದರೆ ಕ್ಲೈಂಟ್ ಕಾಯುವುದು ನಿಲ್ಲುತ್ತದೆ, ಅಷ್ಟೆ. ಸರ್ವರ್ ಅಷ್ಟರಲ್ಲಿ ಡೇಟಾಬೇಸಿನಲ್ಲಿ ಕಮಿಟ್ ಮಾಡಿದ್ದರೆ ಅದು ಹಿಂದಕ್ಕೆ ಬರುವುದಿಲ್ಲ. ಯುಪಿಐ ಬಳಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಿನ್ ಒತ್ತಿ ಕಳಿಸಿದ ಮೇಲೆ ಆ್ಯಪ್ ಮುಚ್ಚಿದರೂ ವ್ಯವಹಾರ ಬ್ಯಾಂಕುಗಳ ನಡುವೆ ಸಾಗುತ್ತಲೇ ಇರುತ್ತದೆ. ಮತ್ತೆ ತೆರೆದಾಗ ಆ್ಯಪ್ ಹೊಸದಾಗಿ ಹಣ ಕಳಿಸುವುದಿಲ್ಲ, ಹಳೆಯದರ ಸ್ಥಿತಿ ಕೇಳುತ್ತದೆ. ಕಳಿಸಿದವರ ಖಾತೆಯಿಂದ ಹಣ ಕಡಿತವಾಗಿ ಪಡೆಯಬೇಕಾದವರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ಅದು ತಾನಾಗಿ ಹಿಂದಿರುಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಉತ್ತರ ಬಾರದ ಸ್ಥಿತಿಯನ್ನು ಅಪರೂಪದ ಅಪಘಾತ ಎಂದುಕೊಳ್ಳದೆ, ಅದಕ್ಕೂ ಗಡುವು ಕಟ್ಟಿದ ನಿಯಮವಿದು. ನಮ್ಮ ಕೋಡಿನಲ್ಲಿ ಇಂಥ ಎಚ್ಚರ ಎಷ್ಟು ಕಡೆ ಇದೆ?

ಅಂದಹಾಗೆ, ಈ ಅನಿಶ್ಚಿತತೆಯನ್ನು ಪೂರ್ತಿ ಹೋಗಲಾಡಿಸಲು ಆಗುವುದೇ ಇಲ್ಲ. ಸಂದೇಶ ಕಳೆದುಹೋಗಬಹುದಾದ ದಾರಿಯಲ್ಲಿ ಇಬ್ಬರು ಖಚಿತ ಒಮ್ಮತಕ್ಕೆ ಬರಲಾರರು. 1975ರಲ್ಲಿ ಒಂದು ಪ್ರಬಂಧದಲ್ಲಿ ಬಂದ ಈ ಸಮಸ್ಯೆಗೆ ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ 1978ರಲ್ಲಿ 'ಇಬ್ಬರು ಸೇನಾಪತಿಗಳು' ಎಂಬ ಹೆಸರು ಕೊಟ್ಟರು. ಹಾಗಾಗಿ ಉಳಿಯುವ ದಾರಿ, ಮತ್ತೆ ಕಳಿಸಿದರೂ ಕೆಡುಕಾಗದಂತೆ ನೋಡಿಕೊಳ್ಳುವುದು. ಪ್ರತಿ ಕೆಲಸಕ್ಕೂ ಕ್ಲೈಂಟ್ ಒಂದು ಗುರುತಿನ ಸಂಖ್ಯೆ ಕೊಟ್ಟು ಬರೆದಿಡಲಿ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡಲಿ. ಪ್ರತಿ ಸಲ ಹೊಸ ಸಂಖ್ಯೆ ಹುಟ್ಟಿಸಿದರೆ ಇಡೀ ಏರ್ಪಾಡು ವ್ಯರ್ಥ. ಹುಡುಕಾಟದ ಸಲಹೆಗಳಂಥ ಕರೆಗಳಿಗೆ ಇದಾವುದೂ ಬೇಡ, ಆ್ಯಪ್ ಜೊತೆಗೇ ಹೋಗಲಿ.

ಮಧ್ಯಾಹ್ನದ ಗೋಷ್ಠಿಗೆ ಒಂದು ತೊಡಕು ಬಿಡುತ್ತೇನೆ. ಡಿಸ್ಕಿನಲ್ಲಿ ಬರೆದಿಡಿ ಎಂದೆ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಒಬ್ಬಾಕೆ ಅರ್ಜಿ ತುಂಬಿ, 'ಸಲ್ಲಿಸಿ' ಒತ್ತಿ, ಬ್ರೌಸರ್ ಮುಚ್ಚಿ ಹೋಗುತ್ತಾಳೆ. ಕಳಿಸದೆ ಉಳಿದ ಅರ್ಜಿ ಆ ಡಿಸ್ಕಿನಲ್ಲಿದೆ, ಅವಳ ಜಾತಿ, ಆದಾಯ, ಫೋನ್ ನಂಬರ್ ಸಮೇತ. ಮುಂದಿನ ಗ್ರಾಹಕ ಬ್ರೌಸರ್ ತೆರೆದಾಗ ಅದನ್ನು ಕಳಿಸಬೇಕೋ, ಅಳಿಸಬೇಕೋ? ಯಾರ ಲಾಗಿನ್ನಿನಲ್ಲಿ?