ಹೊಳೆ ತಂದ ಎಲೆ

ಮಕ್ಕಳೇ, ಮಳೆಗಾಲದಲ್ಲಿ ಹೊಳೆದಡದಲ್ಲಿ ನಿಂತು ನೋಡಿದ್ದೀರಾ? ನೀರಿನ ಜೊತೆ ಎಲೆಗಳು ತೇಲಿ ಬರುತ್ತವೆ. ಮಾವಿನೆಲೆ ಬಂದರೆ ಮೇಲೆಲ್ಲೋ ಮಾವಿನ ಮರ ಇದೆ ಎಂದಾಯಿತು. ಆ ಎಲೆಯ ತುಂಬ ಕಪ್ಪು ಚುಕ್ಕೆಗಳಿದ್ದರೆ? ಮರಕ್ಕೆ ರೋಗ ತಗುಲಿರಬಹುದು. ಮರ ಹತ್ತದೆಯೇ ಅದರ ಸುದ್ದಿ ಕೈಗೆ ಸಿಕ್ಕಿತು!

ನಮ್ಮ ಮೈಯೊಳಗೂ ಇಂಥದೊಂದು ಹೊಳೆಯಿದೆ. ಅದೇ ಮೂತ್ರ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಬೇಕಾದುದನ್ನೆಲ್ಲ ರಕ್ತಕ್ಕೇ ಮರಳಿಸಿ, ಒಂದೆರಡು ಲೀಟರಷ್ಟನ್ನು ಮಾತ್ರ ಹೊರಗೆ ಕಳಿಸುತ್ತವೆ. ಅದು ನಾಳಗಳಲ್ಲಿ ಇಳಿದು ಮೂತ್ರಕೋಶವೆಂಬ ಚೀಲದಲ್ಲಿ ತುಂಬುತ್ತದೆ. ಆ ದಾರಿಯ ಒಳಗೋಡೆಯಿಂದ ಹಳೆಯ ಜೀವಕೋಶಗಳು ಉದುರಿ ಮೂತ್ರದಲ್ಲಿ ಸೇರುತ್ತವೆ, ಥೇಟ್ ಎಲೆಗಳಂತೆ.

ಆ ಗೋಡೆಯಲ್ಲಿ ಕ್ಯಾನ್ಸರ್ ಹುಟ್ಟಿದರೆ? ಕ್ಯಾನ್ಸರ್ ಕೋಶಗಳೂ ಉದುರುತ್ತವೆ. ಗ್ರೀಸ್ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿಜ್ಞಾನಿ ಜಾರ್ಜ್ ಪಾಪನಿಕೊಲಾವ್ ಮತ್ತು ವೈದ್ಯ ವಿಕ್ಟರ್ ಮಾರ್ಷಲ್, ಅವನ್ನು ಮೂತ್ರದಲ್ಲಿ ಹುಡುಕುವ ಬಗೆಯನ್ನು 1945ರಲ್ಲಿ ವಿವರಿಸಿದರು.

ಈ ಪರೀಕ್ಷೆಗೆ ಸೂಜಿ ಬೇಡ, ನೋವಿಲ್ಲ. ಪುಟ್ಟ ಡಬ್ಬಿಯಲ್ಲಿ ಮೂತ್ರ ಹಿಡಿದುಕೊಟ್ಟರೆ ಸಾಕು. ಬೆಳಗ್ಗೆ ಎದ್ದೊಡನೆ ಹೋದದ್ದು ಇದಕ್ಕೆ ಅಷ್ಟು ಒಳ್ಳೆಯದಲ್ಲ. ರಾತ್ರಿಯಿಡೀ ನೆನೆದ ಕೋಶಗಳು ಹಾಳಾಗಿರುತ್ತವೆ. ಲ್ಯಾಬಿನಲ್ಲಿ ಮೂತ್ರವನ್ನು ಯಂತ್ರಕ್ಕಿಟ್ಟು ಗರಗರ ತಿರುಗಿಸುತ್ತಾರೆ. ಕೋಶಗಳು ತಳಕ್ಕಿಳಿಯುತ್ತವೆ. ಆ ಗಸಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆರೋಗ್ಯವಂತ ಕೋಶ, ನಡುವೆ ಪುಟ್ಟ ಬೆಣ್ಣೆಯುಂಡೆ ಇಟ್ಟ ಅಗಲ ದೋಸೆಯಂತೆ. ಆ ಉಂಡೆಯೇ ಕೋಶಕೇಂದ್ರ. ಕ್ಯಾನ್ಸರ್ ಕೋಶದಲ್ಲಿ ಆ ಉಂಡೆ ಊದಿಕೊಂಡು, ಅಂಚು ಸೊಟ್ಟಗಾಗಿ, ದೋಸೆಯನ್ನೇ ಮುಚ್ಚುವಷ್ಟು ಬೆಳೆದಿರುತ್ತದೆ. ಬಣ್ಣವೂ ಕಡುನೀಲಿ.

ಆದರೆ ನಿಧಾನವಾಗಿ ಬೆಳೆಯುವ ಕೆಲವು ಗೆಡ್ಡೆಗಳ ಕೋಶಗಳು ಒಳ್ಳೆಯ ಕೋಶಗಳಂತೆಯೇ ಕಾಣುತ್ತವೆ. ಹಾಗಾಗಿ ಅನುಮಾನವಿದ್ದರೆ ವೈದ್ಯರು ಸಣ್ಣ ಕ್ಯಾಮೆರಾ ನಳಿಕೆಯಿಂದ ಒಳಗೂ ನೋಡುತ್ತಾರೆ. ಮೂತ್ರದಲ್ಲಿರುವ ಡಿಎನ್‌ಎ ಬದಲಾವಣೆಗಳನ್ನು ಪತ್ತೆ ಮಾಡುವ ಹೊಸ ಪರೀಕ್ಷೆಗಳೂ ಬಂದಿವೆ.

ಮೂತ್ರಕೋಶದ ಕ್ಯಾನ್ಸರ್ ಹೆಚ್ಚಾಗಿ ಬರುವುದು ವಯಸ್ಸಾದವರಿಗೆ. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು. ಹೊಗೆಯ ವಿಷ ರಕ್ತಕ್ಕೆ ಸೇರಿ, ಅಲ್ಲಿಂದ ಮೂತ್ರಕ್ಕಿಳಿದು, ಮೂತ್ರದ ಜೊತೆ ಮೂತ್ರಕೋಶದಲ್ಲಿ ನಿಲ್ಲುತ್ತದೆ. ಮೂತ್ರದಲ್ಲಿ ರಕ್ತ ಬರುವುದು ಈ ಕಾಯಿಲೆಯ ಮೊದಲ ಸುಳಿವಾಗಿರಬಹುದು. ನೋವಿಲ್ಲವಲ್ಲ ಎಂದು ದೊಡ್ಡವರು ಸುಮ್ಮನಿದ್ದುಬಿಡುತ್ತಾರೆ, ಹೇಳಲು ನಾಚುತ್ತಾರೆ. ಬೀಟ್‌ರೂಟ್ ತಿಂದಾಗಲೂ ಮೂತ್ರ ಕೆಂಪಾಗುವುದುಂಟು. ಆದರೆ ಯಾವುದೆಂದು ವೈದ್ಯರೇ ಹೇಳಲಿ. ಬೇಗ ತಿಳಿದರೆ ಚಿಕಿತ್ಸೆ ಸುಲಭ.

ಇವತ್ತು ಸಂಜೆ ನಿಮ್ಮ ತಾತನಿಗೆ ಈ ಹೊಳೆಯ ಕಥೆ ಹೇಳಿ. ನೀವು ನಾಚದೆ ಹೇಳಿದರೆ, ಅವರೂ ನಾಚದೆ ವೈದ್ಯರ ಬಳಿ ಹೋದಾರು.