ಕೊಡು, ಕೋಡು ಮತ್ತು ನನ್ನ ಮಗಳು



ಕಳೆದ ವರ್ಷ ನನ್ನ ಆರು ವರ್ಷದ ಮಗಳು ಊರಿನ ಅಜ್ಜಿಗೆ ಮೊದಲ ಸಲ ಕನ್ನಡದಲ್ಲಿ ಪತ್ರ ಬರೆದಳು. ‘ಅಜ್ಜಿ, ನನಗೆ ಉಂಡೆ ಕೋಡು’ ಎಂದಿತ್ತು. ಅತ್ತೆ ಫೋನಿನಲ್ಲಿ, ‘ಕೋಡು ನಮ್ಮ ದನಕ್ಕಿದೆ, ನಿನಗ್ಯಾಕೆ ಪುಟ್ಟಿ?’ ಎಂದರು. ಎಲ್ಲರೂ ನಕ್ಕೆವು. ಮಗಳು ನಗಲಿಲ್ಲ. ಆಮೇಲೆ ಎರಡು ವಾರ ಅಜ್ಜಿಯ ಫೋನು ಬಂದರೆ ಒಳಗೆ ಹೋಗಿಬಿಡುತ್ತಿದ್ದಳು.

ತಪ್ಪು ಅವಳದಲ್ಲ. ಮುಂಬಯಿಯ ಶಾಲೆಯಲ್ಲಿ ಅವಳು ಕಲಿಯುವುದು ಮರಾಠಿ, ಹಿಂದಿ. ಅಲ್ಲಿ ನಮ್ಮ ಹಾಗೆ ಎ–ಏ, ಒ–ಓ ಎಂದು ಎರಡೆರಡು ಅಕ್ಷರ ಕಲಿಸುವುದಿಲ್ಲ. ನಮ್ಮಲ್ಲಾದರೋ ಕೆರೆ ಎಂದರೆ ನೀರು, ಕೇರೆ ಎಂದರೆ ಹಾವು!

ಕೆಂಪು ಪೆನ್ನು ಬಿಟ್ಟು ಆಟ ಹಿಡಿದೆ. ಕಿವಿ ಮೊದಲು, ಕೈ ಆಮೇಲೆ. ರಾತ್ರಿ ಅಡುಗೆಮನೆಯಲ್ಲಿ ಹತ್ತೇ ನಿಮಿಷ. ‘ತೊಡು’ ಅಂದರೆ ಅಂಗಿ ತೊಡುವ, ‘ತೋಡು’ ಅಂದರೆ ನೆಲ ತೋಡುವ ಅಭಿನಯ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು. ಕಿವಿ ಪಳಗಿದ ಮೇಲೆ ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಬರೆಸಿದೆ. ದೀರ್ಘ ಬರೆಯುವಾಗ ದನಿಯನ್ನೂ ಎಳೆಯುತ್ತಿದ್ದಳು.

ಅತ್ತೆಗೂ ಹೇಳಿದೆ: ‘ತಪ್ಪು ಎತ್ತಿ ತೋರಿಸಬೇಡಿ, ಸರಿಯಾದ ಪದ ಸೇರಿಸಿ ಉತ್ತರ ಹೇಳಿ.’ ಈಗ ಅವರು, ‘ಉಂಡೆ ಕೊಡಲಾ? ಎಷ್ಟು ಕೊಡಲಿ?’ ಎನ್ನುತ್ತಾರೆ. ಮಗಳು ತಾನೇ ಫೋನು ಕಸಿದುಕೊಳ್ಳುತ್ತಾಳೆ.

ಗೆಳತಿಯರೇ, ಮಕ್ಕಳ ಕಾಗುಣಿತ ನಿಧಾನವಾಗಿ ಸರಿಹೋಗುತ್ತದೆ. ನಾಚಿಕೆಯಿಂದ ನಿಂತ ಮಾತು ಮತ್ತೆ ಹೊರಡುವುದು ಕಷ್ಟ.

ಹೋದ ತಿಂಗಳು ಎರಡನೆಯ ಪತ್ರ ಹೋಯಿತು. ‘ಕೊಡು’ ಸರಿಯಾಗಿತ್ತು, ‘ಬೇಗ’ ಮಾತ್ರ ‘ಬೆಗ’ ಆಗಿತ್ತು. ಅತ್ತೆ ಬೇಗನೆ ಉಂಡೆ ಕಟ್ಟಿ ಕಳಿಸಿದರು.