ರೋಗ ಬಂದದ್ದು ಬೇಗ ತಿಳಿಯಬೇಕು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ. ಓದಿದವರು. ವಿಜ್ಞಾನ ಹೇಳುವಷ್ಟು ದೊಡ್ಡವರಲ್ಲ. ಆದರೂ ಈ ಶುಭದಿನ ಒಂದು ಮಾತು ಹೇಳಲೇಬೇಕು ಅನ್ನಿಸಿದೆ.

2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದದ್ದನ್ನು ಯಾರೂ ಮರೆತಿಲ್ಲ. ನಮ್ಮ ಹಸುವಿಗೆ ಮೊದಲು ಜ್ವರ ಬಂತು, ಆಮೇಲೆ ಕುತ್ತಿಗೆ ಮೇಲೆ ನಾಲ್ಕಾರು ಗಂಟು. 'ಏನೋ ಹುಳ ಕಚ್ಚಿರಬೇಕು ಬಿಡಿ' ಅಂತ ನಾವೇ ತೀರ್ಮಾನ ಮಾಡಿಕೊಂಡು ನಾಲ್ಕು ದಿನ ಸುಮ್ಮನಿದ್ದೆವು. ಆಮೇಲೆ ಡಾಕ್ಟರು ಬಂದು ಮಾದರಿ ತೆಗೆದು ಪಟ್ಟಣಕ್ಕೆ ಕಳಿಸಿದರು. ವರದಿ ಬರೋವಷ್ಟರಲ್ಲಿ ಪಕ್ಕದ ಮನೆ ಕರುವಿಗೂ ಗಂಟು ಎದ್ದಿತ್ತು. ಆ ಕರು ಉಳಿಯಲಿಲ್ಲ. ನಮ್ಮ ಕೊಟ್ಟಿಗೆಯಿಂದಲೇ ಹೋಯಿತು ಅಂತ ಹೇಳಲಾಗದು. ಕಚ್ಚುವ ನೊಣ, ಸೊಳ್ಳೆ, ಉಣ್ಣೆ ಇದನ್ನು ಹರಡುತ್ತವೆ. ಆದರೆ ಮೊದಲ ದಿನವೇ ತಿಳಿದಿದ್ದರೆ ಹಸುವನ್ನು ಬೇರೆ ಕಟ್ಟುತ್ತಿದ್ದೆವು, ನೆರೆಯವರಿಗೂ ಹೇಳುತ್ತಿದ್ದೆವು. ಆ ಕೊರಗು ಇನ್ನೂ ಹೋಗಿಲ್ಲ.

ಈ ರೋಗ 1929ರಲ್ಲಿ ಈಗಿನ ಜಾಂಬಿಯಾ ದೇಶದಲ್ಲಿ ಮೊದಲು ಕಂಡದ್ದು. 2019ರಲ್ಲಿ ಒಡಿಶಾದಲ್ಲಿ ಕಾಣಿಸಿ ನಮ್ಮ ದೇಶಕ್ಕೂ ಬಂತು. ಇದನ್ನು ತರುವ ವೈರಸ್ಸಿನ ಗುಟ್ಟೆಲ್ಲ ಡಿಎನ್‌ಎ ಎಂಬ ಎರಡೆಳೆಯ ಹಗ್ಗದಲ್ಲಿದೆ. ಬೀಗಕ್ಕೆ ಅದರದೇ ಕೀಲಿ ಇದ್ದಂತೆ, ಒಂದೆಳೆಗೆ ಅದರ ಜೋಡಿ ಎಳೆಯೇ ಹೊಂದಬೇಕು. ವೈರಸ್ಸಿನ ಎಳೆಗೆ ಹೊಂದುವ ತುಂಡನ್ನು ವಿಜ್ಞಾನಿಗಳು ಮೊದಲೇ ತಯಾರಿಸಿಡುತ್ತಾರೆ. ಅದು ಹೋಗಿ ಅಂಟಿದ್ದನ್ನು ಬಣ್ಣವಾಗಿಯೋ, ಬೆಳಕಾಗಿಯೋ, ವಿದ್ಯುತ್ತಾಗಿಯೋ ತೋರಿಸುವ ಸಾಧನಕ್ಕೆ ಬಯೋಸೆನ್ಸರ್ ಅಂತ ಹೆಸರು. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ನೋಡುವ ಮೀಟರೂ ಬಯೋಸೆನ್ಸರೇ. ಅದು ಸಕ್ಕರೆ ಹುಡುಕುತ್ತದೆ, ಇದು ಡಿಎನ್‌ಎ ಹುಡುಕುತ್ತದೆ.

ಕಷ್ಟ ಎಲ್ಲಿದೆ ಅಂದರೆ, ಮಾದರಿಯಲ್ಲಿ ಈ ಡಿಎನ್‌ಎ ಇರೋದು ಅತ್ಯಲ್ಪ. ಹಾಗಾಗಿ ಚಮಚ ಹೆಪ್ಪು ಹಾಕಿ ಗಡಿಗೆ ಮೊಸರು ಮಾಡಿದಂತೆ ಅದನ್ನು ಹೆಚ್ಚಿಸಬೇಕು. ಪಿಸಿಆರ್ ಯಂತ್ರ ಅದನ್ನು ಕಾಯಿಸಿ, ಆರಿಸಿ, ಪ್ರತಿ ಸುತ್ತಿಗೂ ಎರಡರಷ್ಟು ಮಾಡುತ್ತದೆ. 30 ಸುತ್ತಿಗೆ ಒಂದು ಎಳೆ 100 ಕೋಟಿಗೂ ಮೀರುತ್ತದೆ! ಆದರೆ ಅದಕ್ಕೆ ದುಬಾರಿ ಯಂತ್ರ ಬೇಕು, ಕಲಿತವರು ಬೇಕು. 2000ದಲ್ಲಿ ಜಪಾನಿನ ವಿಜ್ಞಾನಿಗಳು ಲ್ಯಾಂಪ್ ಎಂಬ ವಿಧಾನ ತಿಳಿಸಿದರು. ಇದಕ್ಕೆ 60ರಿಂದ 65 ಡಿಗ್ರಿಯ ಒಂದೇ ಬಿಸಿ ಸಾಕು. ಸುಮಾರು ಒಂದು ಗಂಟೆಯಲ್ಲಿ ಕೊಳವೆಯ ಬಣ್ಣ ಬದಲಾದದ್ದನ್ನು ಕಣ್ಣಿನಿಂದಲೇ ನೋಡಬಹುದು. ಚರ್ಮಗಂಟು ವೈರಸ್ಸಿಗೂ ಇದನ್ನು ಮಾಡಿ ನೋಡಿದ್ದಾರೆ. 2018ರಲ್ಲಿ ಅಮೆರಿಕದ ಜೆನ್ನಿಫರ್ ಡೌಡ್ನಾ ಅವರ ತಂಡ ಕ್ರಿಸ್ಪರ್ ಕತ್ತರಿಯಿಂದ ಮನುಷ್ಯರ ಪ್ಯಾಪಿಲೋಮಾ ವೈರಸ್ಸಿನ ಡಿಎನ್‌ಎ ಪತ್ತೆ ಹಚ್ಚಿತು. ನಮ್ಮ ದೇಶದಲ್ಲೇ 2020ರಲ್ಲಿ ಕೋವಿಡ್ ಪತ್ತೆಗೆ 'ಫೆಲೂದಾ' ಎಂಬ ಕಾಗದಪಟ್ಟಿ ಪರೀಕ್ಷೆ ಬಂತು.

ಇದರಲ್ಲೂ ಎಚ್ಚರಿಕೆ ಬೇಕು. ಹೆಪ್ಪು ಮುಟ್ಟಿದ ಕೈ ಹಾಲಿಗೆ ತಾಗಿದರೆ ಏನಾಗುತ್ತದೆ ಅಂತ ನಮ್ಮ ಹೆಂಗಸರಿಗೆ ಗೊತ್ತು. ಹಾಗೇ ಒಂದು ಕಣ ಬೇರೆ ಕಡೆಯಿಂದ ತಾಗಿದರೂ ಇಲ್ಲದ ರೋಗ ಇದೆ ಅಂತ ತೋರಿಸಬಹುದು. ಆದ್ದರಿಂದ ಡಾಕ್ಟರು, ಪ್ರಯೋಗಾಲಯ ಬೇಡ ಅಂತ ಯಾರೂ ತಿಳಿಯಬಾರದು.

ಬಂಧುಗಳೇ, ಒಂದು ಕಾಲಕ್ಕೆ ಆಸಿಡ್ ಹಾಕಿ, ಯಂತ್ರ ತಿರುಗಿಸಿ ಹಾಲಿನ ಫ್ಯಾಟ್ ನೋಡುತ್ತಿದ್ದರು. ಈಗ ಕ್ಯಾನು ಇಳಿಸುವಷ್ಟರಲ್ಲಿ ಯಂತ್ರ ಹೇಳುತ್ತದೆ. ರೋಗ ನೋಡುವ ಪರೀಕ್ಷೆಯೂ ಹೀಗೇ ನಮ್ಮ ಡೈರಿ ಬಾಗಿಲಿಗೆ ಬರಲಿ, ಬಂದ ದಿನ ನಮ್ಮ ಸಂಘ ಹಿಂದೆ ಬೀಳದಿರಲಿ. ಅಲ್ಲಿಯವರೆಗೆ ಲಸಿಕೆ ತಪ್ಪಿಸಬೇಡಿ. ಗಂಟು ಕಂಡ ದಿನವೇ ದನ ಬೇರೆ ಕಟ್ಟಿ, ಡಾಕ್ಟರಿಗೆ ತಿಳಿಸಿ, ನೆರೆಯವರಿಂದ ಮುಚ್ಚಿಡಬೇಡಿ. ನಮ್ಮಿಂದಾದ ತಪ್ಪು ನಿಮ್ಮಿಂದ ಆಗದಿರಲಿ.